ಅವಸರಕ್ಕೆ ತೆರೆದ ಇದ್ದಿಲ ಗುಂಡಿ

ಮೊನ್ನೆ ವಾಟರ್ ಫಿಲ್ಟರ್ ರಿಪೇರಿಗೆ ಬಂದವನು ಹಳೆಯ ಡಬ್ಬಿ ಬಿಚ್ಚಿ ಕೊಡವಿದಾಗ ಅಂಗೈ ತುಂಬ ಕರಿ ಹರಳು ಉದುರಿದವು. "ತೆಂಗಿನ ಕರಟದ ಇದ್ದಿಲು ಮೇಡಂ, ಮೈತುಂಬ ಸಣ್ಣ ತೂತು, ನೀರಿನ ಕೊಳೆಯೆಲ್ಲ ಹೀರ್ಕೊಳ್ಳುತ್ತೆ" ಎಂದು ನನಗೇ ಪಾಠ ಹೇಳಿದ. ಅಯ್ಯೋ ಪುಣ್ಯಾತ್ಮ, ಆ ಇದ್ದಿಲಿನ ಹೊಗೆ ಕುಡಿದೇ ಬೆಳೆದವಳು ನಾನು.

ತೊಂಬತ್ತರ ದಶಕದ ಮಾತು. ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗುವ ರಸ್ತೆ ಬದಿಯ ನಮ್ಮೂರಲ್ಲಿ, ಹಿತ್ತಲ ಗುಂಡಿಯಲ್ಲಿ ಅವ್ವ ಕರಟ ಸುಡುತ್ತಿದ್ದಳು. ಬೆಂಕಿಗೆ ಕರಟ ಸುರಿಯುತ್ತ, ದಟ್ಟ ಬಿಳಿ ಹೊಗೆ ತೆಳುವಾಗಿ ನೀಲಿಗೆ ತಿರುಗುವುದನ್ನೇ ಕಾಯುತ್ತ ಕೂರುವಳು. ತಿರುಗಿತೋ, ತಗಡು ಮುಚ್ಚಿ ಸುತ್ತ ಹಸಿಮಣ್ಣು ಮೆತ್ತಿಬಿಡುವಳು. ನಾಲ್ಕು ದಿನ ಒಳಗೆ ಗಾಳಿ ಸುಳಿಯಬಾರದು. ಆಮೇಲೆ ತೆಗೆದರೆ ಒಂದೊಂದು ಚೂರೂ ಕಣಕಣ ಅನ್ನುತ್ತಿತ್ತು. ಕೆಂಪಗಾದ ಕಣ್ಣು ಸೆರಗಲ್ಲಿ ಒರೆಸಿಕೊಂಡು ಅವ್ವ ನಗುತ್ತಿದ್ದಳು. ಅಷ್ಟು ಚೆಂದದ ಮುಖವನ್ನು ನಾನು ಮತ್ತೆ ಕಂಡಿಲ್ಲ.

ಇದ್ದಿಲು ಕೊಳ್ಳುವ ಕಾರ್ಖಾನೆಯ ಮೇಸ್ತ್ರಿ ಒಂದು ದಿನ ಬಂದ. ಅವರ ಗುಂಡಿಗಳನ್ನೆಲ್ಲ ನೋಡಿಕೊಳ್ಳಲು ಅವ್ವನನ್ನು ಕೆಲಸಕ್ಕೆ ಕರೆಯುವವನಿದ್ದ. ಮೊದಲು ಕೈಕೆಲಸ ನೋಡಬೇಕೆಂದ. ನಮ್ಮ ಗುಂಡಿ ಮುಚ್ಚಿ ಎರಡೇ ದಿನವಾಗಿತ್ತು. "ನಾಳಿದ್ದು ಗಂಟ ಮುಟ್ಬ್ಯಾಡಿ, ಒಳಗ ಇನ್ನೂ ಕೆಂಡ ಅದ" ಎಂದು ಅಪ್ಪನಿಗೆ ಹೇಳಿ ಅವ್ವ ಕಾಫಿ ಕಾಯಿಸಲು ಹೋದಳು. ಬಂದವರಿಗೆ ಇಲ್ಲ ಅನ್ನುವುದುಂಟೆ ನಮ್ಮಪ್ಪ! ಮೇಸ್ತ್ರಿಯನ್ನು ಜಗಲಿಯಲ್ಲಿ ಕೂರಿಸಿ, ಒಂದು ಹಿಡಿ ತಂದು ತೋರಿಸುತ್ತೇನೆಂದು ಗುದ್ದಲಿಯಲ್ಲಿ ಮಣ್ಣು ಕೆದರಿ ತಗಡು ಎತ್ತಿದ. ಗಾಳಿ ನುಗ್ಗಿತು. ಮೇಸ್ತ್ರಿ ಎದ್ದು ಬರುವಷ್ಟರಲ್ಲಿ ಗುಂಡಿ ಧಗಧಗ ಉರಿಯುತ್ತಿತ್ತು.

"ಸರ್ಯಾಗಿ ಮುಚ್ಚಿಲ್ಲ ಸಾ ಇವ್ಳು. ಹೆಂಗಸ್ರ ಕೆಲ್ಸ ಇಷ್ಟೇ ಬುಡಿ" ಎಂದ ಅಪ್ಪ.

ಕಾಫಿ ಲೋಟ ಹಿಡಿದು ಬಂದ ಅವ್ವ ಗುದ್ದಲಿ ನೋಡಿದಳು, ನನ್ನನ್ನು ನೋಡಿದಳು. ಗಂಡನ ಮಾನ ಕಳೆಯಲಾರದೆ ಸುಮ್ಮನಾದಳು. ಸೀಬೆ ಮರದಡಿ ನಿಂತು ಎಲ್ಲ ಕಂಡಿದ್ದ ನಾನೂ ಅಪ್ಪನಿಗೆ ಹೆದರಿ ಸುಮ್ಮನಿದ್ದೆ. ಮೇಸ್ತ್ರಿ ಹೊರಟುಹೋದ. ಸಂಜೆಗೆ ಎಲ್ಲ ಬೂದಿ. ಅವ್ವ ಮತ್ತೆಂದೂ ಗುಂಡಿ ಹೊತ್ತಿಸಲಿಲ್ಲ.

ನನ್ನ ಮದುವೆ ಮಾತುಕತೆಗೆ ನೆಂಟರು ಬಂದಾಗ ಅಪ್ಪ ಅವ್ವನ ಗುಂಡಿ ಬೂದಿಯಾದದ್ದನ್ನೇ ತಮಾಷೆಯಾಗಿ ಹೇಳಿ ನಗಿಸಿದ. ನನಗೆ ಮೈಯೆಲ್ಲ ಉರಿದುಹೋಯಿತು. "ತಗಡು ಎತ್ತಿದ್ದು ನೀನೇ ಕಣಪ್ಪ" ಎಂದುಬಿಟ್ಟೆ. ಅವ್ವನಿಗೆ ಸಮಾಧಾನವಾಗಿರುತ್ತದೆಂದು ಅಡುಗೆಮನೆಗೆ ಓಡಿದೆ. ಅವಳು ಈರುಳ್ಳಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ.

"ಅವತ್ತು ಆ ಮೇಸ್ತ್ರಿ ಮುಂದ ನಿನ್ ಬಾಯಿ ಎಲ್ಲೋಗಿತ್ತು ಕಣಮ್ಮಿ?"

ನಾನು ಅವಳ ಪಕ್ಕ ಕೂತು ಈರುಳ್ಳಿ ಸುಲಿಯತೊಡಗಿದೆ. ಆ ಮನೆ ಹೋಯಿತು, ಅವ್ವನೂ ಹೋಗಿ ಎಷ್ಟೋ ವರ್ಷವಾಯಿತು. ಮೊನ್ನೆ ಉದುರಿದ ಕರಿ ಹರಳೂ ಅದನ್ನೇ ಕೇಳಿದಂತಾಯಿತು.