ನುಣುಪು ಮೇಸ್ತ್ರಿಯ ಬಟ್ಟಲು

ನನ್ನ ಮಾವನವರನ್ನು ಮರಗೆಲಸದ ಅಂಗಡಿಯಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ನುಣುಪು ಮೇಸ್ತ್ರಿ ಎಂದು. ಮೇಜಿಗೆ ಪಾಲಿಶ್ ಹಾಕುವ ಮುಂಚೆ ಕಣ್ಣು ಮುಚ್ಚಿ ಅಂಗೈಯಿಂದ ಸವರಿ ನೋಡುತ್ತಿದ್ದರು. ಎಲ್ಲಾದರೂ ಒಂದಿಷ್ಟು ತರಿ ಸಿಕ್ಕಿತೋ, ಮರಳು ಕಾಗದ ಹಿಡಿದು ಮತ್ತೆ ಮೊದಲಿನಿಂದ ಶುರು. ಗಿರಾಕಿ ಬಾಗಿಲಲ್ಲಿ ನಿಂತು ಬಾಯಿ ಬಡಿದುಕೊಂಡರೂ ಕೆಲಸ ಮುಗಿಯುವವರೆಗೆ ಮೇಜು ಹೊರಗೆ ಹೋಗುತ್ತಿರಲಿಲ್ಲ.

ಇಂಥವರ ಕೈಗೆ ನನ್ನ ಮಗಳನ್ನು ಒಪ್ಪಿಸಿದೆ. ಬೇರೆ ದಾರಿ ಇರಲಿಲ್ಲ. ನಾನು ಬಸ್ ಕಂಡಕ್ಟರ್, ಹೆರಿಗೆ ರಜೆ ಮುಗಿದಿತ್ತು. ಗಂಡ ಸಾಮಾನು ಸಾಗಿಸುವ ವ್ಯಾನ್ ಓಡಿಸುತ್ತಾನೆ, ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆಯೇ ಮನೆ. ಅತ್ತೆ ತೀರಿಕೊಂಡು ವರ್ಷಗಳಾಗಿವೆ. ಮಗುವಿಗೆ ಡಬ್ಬದ ಪುಡಿ ತರೋಣ ಎಂದು ಗಂಡ ಹೇಳಿದ್ದೇ ತಡ, ಮಾವ ಸಿಡುಕಿದರು.

"ಮನೇಲಿ ಒಲೆ ಇದೆ, ನನಗೆ ಕೈ ಇದೆ. ಡಬ್ಬ ಯಾಕೆ? ನಾನು ಮಾಡ್ತೀನಿ."

ಅಲ್ಲಿಯವರೆಗೆ ಅವರು ನೀರು ಕಾಯಿಸಿದ್ದನ್ನೂ ನಾನು ಕಂಡಿರಲಿಲ್ಲ. ಆದರೆ ಹಿಡಿದ ಕೆಲಸ ಬಿಡುವ ಜಾತಿಯಲ್ಲ ನಮ್ಮ ಮಾವ. ಅಕ್ಕಿ, ಬೇಳೆ ಆರಿಸುವುದು ಕಲಿತರು. ಕುಂಬಳಕಾಯಿ, ಕ್ಯಾರೆಟ್, ಬಟಾಣಿ ಯಾವುದು ಎಷ್ಟು ಹೊತ್ತಿಗೆ ಬೇಯುತ್ತದೆ ಎಂದು ತಿಳಿದುಕೊಂಡರು. ಉಪ್ಪು, ಸಕ್ಕರೆ ಬೇಡ ಎಂದು ಡಾಕ್ಟರು ಹೇಳಿದ್ದರಿಂದ, ಎರಡೂ ಡಬ್ಬಗಳನ್ನು ಕೈಗೆಟುಕದ ಅಟ್ಟದ ಮೇಲಿಟ್ಟರು. ಕೈತಪ್ಪಿ ಹಾಕಿಬಿಟ್ಟೇನು ಎಂಬ ಭಯವಂತೆ. ನನ್ನ ಕಾಫಿಗೆ ಸಕ್ಕರೆ ಬೇಕಾದಾಗಲೆಲ್ಲ ನಾನು ಸ್ಟೂಲು ಹತ್ತಬೇಕಾಯಿತು.

ಬೆಂದದ್ದನ್ನು ಅರೆದು, ಜರಡಿಯಲ್ಲಿ ಉಜ್ಜಿ, ಆಮೇಲೆ ತೆಳು ಹತ್ತಿಬಟ್ಟೆಯಲ್ಲಿ ಸೋಸುತ್ತಿದ್ದರು. ಒಂದು ಚೂರು ಬೆರಳುಗಳ ನಡುವೆ ಹಾಕಿ ಕಣ್ಣು ಮುಚ್ಚಿ ತಿಕ್ಕಿ ನೋಡುತ್ತಿದ್ದರು, ಥೇಟ್ ಮೇಜು ಸವರಿದ ಹಾಗೆ. ತಮ್ಮ ಊಟವನ್ನೂ ಅದರಲ್ಲೇ ಮುಗಿಸುತ್ತಿದ್ದರು, ಏಕೆಂದರೆ ಅವರ ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ. ಗಂಡ ಹಿಂದೆಯೇ ಹಲ್ಲಿನ ಸೆಟ್ ಮಾಡಿಸಿಕೊಟ್ಟಿದ್ದ. ಎರಡು ದಿನ ಹಾಕಿಕೊಂಡು, "ಅಳತೆ ತಪ್ಪಿದ ಕೆಲಸ ಇದು" ಎಂದು ತೀರ್ಪು ಕೊಟ್ಟು, ಅದನ್ನು ಸ್ಕ್ರೂಗಳ ಡಬ್ಬಕ್ಕೆ ಹಾಕಿದ್ದರು. ಯಾರಾದರೂ ಹುರಿದ ಕಡಲೆ ಕೊಟ್ಟರೆ, "ಹಲ್ಲಿದ್ದಾಗ ಕಡಲೆ ಇರಲಿಲ್ಲ, ಕಡಲೆ ಇರೋವಾಗ ಹಲ್ಲಿಲ್ಲ" ಎಂದು ನಕ್ಕು ನನ್ನ ಕೈಗೆ ಹಾಕುವರು. ಹೀಗೆ ದಿನವೂ ಚಾಪೆಯ ಮೇಲೆ ಎದುರುಬದುರು ಕೂತು ತಾತ ಮೊಮ್ಮಗಳು ಒಂದೇ ಪಾತ್ರೆಯದನ್ನು ತಿಂದರು. ಪುಟ್ಟಿ ದುಂಡಗಾದಳು. ನಾನು ಬಸ್ಸಿನಲ್ಲಿ ಟಿಕೆಟ್ ಕೊಡುತ್ತಲೇ ಮಾವನನ್ನು ಹೊಗಳುತ್ತಿದ್ದೆ.

ವರ್ಷ ತುಂಬಿದ ಮೇಲೆ ಗೊತ್ತಾಯಿತು, ಪುಟ್ಟಿಗೆ ಅಗಿಯುವುದೇ ಬರುವುದಿಲ್ಲ ಎಂದು. ಅನ್ನದ ಅಗುಳು ನಾಲಿಗೆಗೆ ತಗುಲಿದರೆ ಓಕರಿಸುತ್ತಿದ್ದಳು. ಬಾಳೆಹಣ್ಣಿನ ಚೂರು ಕೊಟ್ಟರೆ ಮುಖ ಕೆಂಪಗೆ ಮಾಡಿಕೊಂಡು ಉಗುಳುತ್ತಿದ್ದಳು. ಡಾಕ್ಟರು ಪರೀಕ್ಷೆ ಮಾಡಿ, ಗಂಟಲಲ್ಲಿ ತೊಂದರೆಯೇನೂ ಇಲ್ಲ ಎಂದರು.

"ಊಟ ಚೆನ್ನಾಗೇ ಮಾಡಿಕೊಟ್ಟಿದ್ದೀರಿ ಯಜಮಾನ್ರೇ, ಆದರೆ ಅತಿಯಾಗಿ ನುಣ್ಣಗೆ ಮಾಡಿದ್ದೀರಿ. ಅಗಿಯೋದನ್ನೂ ಕಲೀಬೇಕು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಮೆತ್ತಗೆ ಬೇಯಿಸಿದ ತುಂಡು ಕೈಗೆ ಕೊಡಿ, ಎದುರಿಗೆ ಕೂತು ನೀವೂ ಅಗಿದು ತಿನ್ನಿ. ಮಕ್ಕಳು ನೋಡಿ ಕಲೀತಾರೆ."

ಮಾವ ಪುಟ್ಟಿಯನ್ನು ಎತ್ತಿಕೊಂಡು ಮುಂದೆ ನಡೆದರು. ನನ್ನ ಬಾಯಲ್ಲಿ ಬಂದದ್ದು ಕಂಡಕ್ಟರ್ ದನಿ. ಮನೆಯ ಮೆಟ್ಟಿಲಲ್ಲೇ ಹೇಳಿಬಿಟ್ಟೆ:

"ಮಾವ, ಎದುರುಮನೆ ಅಕ್ಕ ನಾಲ್ಕಾರು ಮಕ್ಕಳನ್ನ ನೋಡಿಕೊಳ್ತಾರಲ್ಲ, ಇವಳನ್ನೂ ಅಲ್ಲೇ ಬಿಡ್ತೀನಿ. ಮಕ್ಕಳ ಜೊತೆ ಕೂತು ತಿನ್ನೋದು ಕಲೀತಾಳೆ."

ಮಾವ ಕಂಬಿ ಹಿಡಿದು ನಿಂತರು. "ತಿಂಗಳ ಕೊನೇವರೆಗೆ ನನ್ನ ಹತ್ರಾನೇ ಇರಲಿ ಕಣಮ್ಮ. ಆಮೇಲೆ ನೀನು ಹೇಳಿದ ಹಾಗೇ." ಅವರು ಯಾರ ಮುಂದೆಯೂ ಹೀಗೆ ಬೇಡಿದ್ದನ್ನು ನಾನು ಕೇಳಿರಲಿಲ್ಲ. ಆಯಿತು ಎಂದೆ.

ಮುಂದಿನ ವಾರದ ರಜೆಯ ದಿನ ನಾನು ಅಡುಗೆಮನೆಯಲ್ಲಿದ್ದೆ, ಬಾಗಿಲಿನಿಂದ ನಡುಮನೆ ಕಾಣುತ್ತಿತ್ತು. ಯಾರದೋ ಅಲಮಾರಿಯ ಕನ್ನಡಿಯೊಂದು ಚೌಕಟ್ಟಿನ ಪಾಲಿಶ್‌ಗೆಂದು ಮನೆಗೇ ಬಂದು ಗೋಡೆಗೆ ಒರಗಿತ್ತು. ಮಾವ ಬೆಂದ ಕ್ಯಾರೆಟ್ಟಿನ ತುಂಡೊಂದನ್ನು ಪುಟ್ಟಿಯ ಕೈಗಿಟ್ಟು, ತಾವೂ ಒಂದು ಬಾಯಿಗೆ ಹಾಕಿಕೊಂಡರು. ತುಟಿ ಒಳಗೆಳೆದುಕೊಂಡು, ನಾಲಿಗೆಯಲ್ಲಿ ಹೊರಳಿಸಿ, ಅಂಗುಳಕ್ಕೆ ಒತ್ತಿ, ಕತ್ತು ಮುಂದೆ ಚಾಚಿ ನುಂಗಿದರು. ಪುಟ್ಟಿಯೂ ತುಟಿ ಒಳಗೆಳೆದುಕೊಂಡಳು, ಹೊರಳಿಸಿದಳು, ಒತ್ತಿದಳು, ಕತ್ತು ಚಾಚಿದಳು. ಆಮೇಲೆ ಓಕರಿಸಿ ಉಗುಳಿದಳು. ಮಾವನ ಕಣ್ಣು ಕನ್ನಡಿಯ ಮೇಲಿತ್ತು. ಅದರಲ್ಲಿ ಇಬ್ಬರ ಮುಖವೂ ಅಕ್ಕಪಕ್ಕ ಕಾಣುತ್ತಿತ್ತು.

"ಅಮ್ಮಾ, ಬಾ ಇಲ್ಲಿ" ಎಂದು ಕರೆದರು. "ಇವಳು ತಿನ್ನೋದು ಕಲಿತಿದ್ದಾಳೆ ಕಣಮ್ಮ. ನನ್ನನ್ನ ನೋಡಿ ಕಲಿತಿದ್ದಾಳೆ. ಬೊಚ್ಚುಬಾಯಿಯವನ ಊಟ."

ನಗು ಬಂದದ್ದನ್ನು ಸೆರಗಿನಲ್ಲಿ ಮುಚ್ಚಿಕೊಂಡೆ. ಮಾವ ಎದ್ದು ಸ್ಕ್ರೂಗಳ ಡಬ್ಬವನ್ನು ಚಾಪೆಯ ಮೇಲೆ ಸುರಿದರು. ಹಲ್ಲಿನ ಸೆಟ್ಟನ್ನು ಆರಿಸಿ ತೆಗೆದು, ಕರವಸ್ತ್ರದಲ್ಲಿ ಸುತ್ತಿ, ಚಪ್ಪಲಿ ಮೆಟ್ಟಿದರು. ಹಲ್ಲಿನ ಡಾಕ್ಟರು ಅದನ್ನು ಶುಚಿ ಮಾಡಿ, ಅಲ್ಲಲ್ಲಿ ಉಜ್ಜಿ ಕೂರಿಸಿಕೊಟ್ಟರಂತೆ, ಆದರೂ ಒಗ್ಗುವವರೆಗೆ ನೋಯುತ್ತದೆ ಎಂದರಂತೆ. ಮನೆಗೆ ಬಂದು ನಕ್ಕಾಗ ಬೇರೆ ಯಾರೋ ನಕ್ಕ ಹಾಗಿತ್ತು. ಪುಟ್ಟಿ ಹೆದರಿ ನನ್ನ ಸೆರಗಿನೊಳಗೆ ಮುಖ ಹುದುಗಿಸಿದಳು.

ಅಂದಿನಿಂದ ಮಾವ ತಮ್ಮ ಕಸುಬನ್ನು ತಲೆಕೆಳಗು ಮಾಡಿದರು. "ಇಷ್ಟು ವರ್ಷ ಒರಟಿನಿಂದ ನುಣುಪಿಗೆ ಹೋದೆ, ಈಗ ನುಣುಪಿನಿಂದ ಒರಟಿಗೆ" ಎಂದರು. ಮೊದಲು ಸೋಸುವ ಬಟ್ಟೆ ಬಿಟ್ಟರು, ಕೆಲವು ದಿನ ಕಳೆದು ಜರಡಿ ಬಿಟ್ಟರು, ಆಮೇಲೆ ಚಮಚದ ಬೆನ್ನಲ್ಲಿ ಹಿಸುಕಿದ್ದು ಮಾತ್ರ. ಅದನ್ನೆಲ್ಲ ಪುಟ್ಟಿ ಒಂದಿಷ್ಟು ಉಗುಳಿ, ಒಂದಿಷ್ಟು ನುಂಗಿ ದಾಟಿದಳು. ತುಂಡಿಗೆ ಬಂದಾಗ ಮಾತ್ರ ಬಾಯಿ ಬಿಗಿದಳು. ಮಾವ ದಿನವೂ ಎದುರಿಗೆ ಕೂತು ದವಡೆ ಆಡಿಸಿ ತಿಂದು ತೋರಿಸಿದರು. ತಿಂಗಳ ಕೊನೆ ಬಂತು. ಎದುರುಮನೆ ಅಕ್ಕನಿಗೆ ನಾನು ಮಾತು ಕೊಟ್ಟಾಗಿತ್ತು.

ಕೊನೆಯ ದಿನ ನಾನು ಡ್ಯೂಟಿ ಮುಗಿಸಿ ಸಂಜೆ ಬಂದಾಗ ಇಬ್ಬರೂ ಚಾಪೆಯ ಮೇಲಿದ್ದರು. ಮಾವನ ಕೈಯಲ್ಲಿ ಹಸಿ ಸೌತೆಕಾಯಿ, ಪುಟ್ಟಿಯ ಬಟ್ಟಲಲ್ಲಿ ಮೆತ್ತಗೆ ಬೆಂದ ಕ್ಯಾರೆಟ್ ತುಂಡುಗಳು. ಮಾವ ಸೌತೆಕಾಯಿ ಕಚ್ಚಿದರು. ಕರಕ್ ಎಂದಿತು. ಪುಟ್ಟಿ ತಲೆಯೆತ್ತಿದಳು. ಮತ್ತೆ ಕರಕ್. ಪುಟ್ಟಿ ಕಿಲಕಿಲ ನಕ್ಕು, ತೆವಳಿ ಬಂದು, ತಾತನ ಕೆನ್ನೆಗೆ ಅಂಗೈ ಒತ್ತಿ ಹಿಡಿದಳು. ಅವರು ಅಗಿದಷ್ಟು ಹೊತ್ತೂ ಕೈ ತೆಗೆಯಲಿಲ್ಲ. ಆಮೇಲೆ ಒಂದು ಕ್ಯಾರೆಟ್ ತುಂಡು ಎತ್ತಿ ಮುಂದಿನ ಹಲ್ಲುಗಳಿಂದ ಕಚ್ಚಿದಳು. ಇನ್ನೊಂದು ಕೈಯನ್ನು ತನ್ನದೇ ಕೆನ್ನೆಯ ಮೇಲಿಟ್ಟುಕೊಂಡು ದವಡೆ ಆಡಿಸಿದಳು. ಒಮ್ಮೆ ಕೆಮ್ಮಿದಳು. ನಾನು ಎತ್ತಿಕೊಳ್ಳಲು ಮುಂದಾದೆ, ಮಾವ ಕೈ ಅಡ್ಡ ಹಿಡಿದರು.

"ತಡಿಯಮ್ಮ. ಕೆಮ್ಮೋಕೆ ಆಗ್ತಿದೆ, ಉಸಿರಿದೆ. ಅವಳೇ ಸರಿಮಾಡ್ಕೋತಾಳೆ."

ಹಾಗೆಂದರೂ ಅವರು ಅವಳ ಬಾಯಿಂದ ಕಣ್ಣು ಕೀಳಲಿಲ್ಲ. ಪುಟ್ಟಿ ಅಗಿದಳು, ನುಂಗಿದಳು, ಉಳಿದರ್ಧ ತುಂಡನ್ನು ತಾತನ ಬಾಯಿಗೆ ತುರುಕಿದಳು. ಅವರು ಅದನ್ನೂ ಅಗಿದು ತೋರಿಸಿದರು.

ಆಮೇಲೆ ಮಾವ ಬಚ್ಚಲಿಗೆ ಹೋಗಿ ಹಲ್ಲು ತೆಗೆದು ತೊಳೆಯುತ್ತಿದ್ದಾಗ ನಾನು ಬಾಗಿಲಲ್ಲಿ ನಿಂತಿದ್ದೆ. ಒಸಡುಗಳಲ್ಲಿ ಕೆಂಪಗೆ ಹುಣ್ಣು. ಇಷ್ಟು ದಿನ ಒಂದು ಮಾತು ಆಡಿರಲಿಲ್ಲ ಮಹಾನುಭಾವ.

"ಮಾವ, ಇಷ್ಟು ನೋವಿಟ್ಟುಕೊಂಡು... ಮತ್ತೆ ಡಾಕ್ಟರ ಹತ್ರ ಹೋಗಬಾರದಿತ್ತಾ?"

"ಹೋದರೆ ಹುಣ್ಣು ಮಾಯೋವರೆಗೆ ತೆಗೆದಿಡಿ ಅಂತಿದ್ರು. ಆಮೇಲೆ ಇವಳು ಯಾರನ್ನ ನೋಡ್ತಿದ್ಲು?" ಎಂದರು. "ನಾಳೆ ಹೋಗ್ತೀನಿ ಬಿಡು, ಹೇಗೂ ಅವಳು ಎದುರುಮನೇಲಿ ಇರ್ತಾಳಲ್ಲ."

ಗಿಡದ ಮಾತನ್ನು ಡಾಕ್ಟರು ಹೇಳಿದ್ದರು. ಆದರೆ ಮರವೇ ಬಗ್ಗಿದ್ದನ್ನು ನಾನು ನಮ್ಮ ಮನೆಯ ಬಚ್ಚಲಲ್ಲಿ ಕಂಡೆ. ಪುಟ್ಟಿಯ ಬಟ್ಟಲನ್ನು ತೊಳೆದು, ಎದುರುಮನೆಗೆಂದು ಕಟ್ಟಿಟ್ಟ ಚೀಲಕ್ಕೆ ಹಾಕದೆ, ತಂದು ಅವರ ಕೈಗೇ ಕೊಟ್ಟೆ.

ಮಾವ ಬಟ್ಟಲನ್ನೂ ನೋಡಿದರು, ನನ್ನನ್ನೂ ನೋಡಿದರು. ಅದನ್ನು ಒರೆಸಿ ನಾಳೆಗೆಂದು ಒಲೆಯ ಪಕ್ಕ ಬೋರಲು ಹಾಕಿದರು. ಮೊಳೆಗೆ ನೇತುಹಾಕಿದ್ದ ಸೋಸುವ ಬಟ್ಟೆಯನ್ನು ತೆಗೆದು, ಪಾಲಿಶ್ ಬಳಿಯುವ ಚಿಂದಿಗಳ ಜೊತೆ ಸೇರಿಸಿದರು.