ಕೆಳಗಿನ ಬಾಯಿ ಮೊದಲು

ಜಯಮ್ಮತ್ತೆಗೆ ನೀರು ಕುಡಿಯಬೇಡಿ ಎಂದ ಮಹಾಪಂಡಿತ ನಾನೇ. ಎಡಗೈ ಊದಿದೆ, ಒಳಗೆ ನೀರಿದೆ, ಆದ್ದರಿಂದ ನೀರು ನಿಲ್ಲಿಸಿದರಾಯಿತು. ಹುಣಸೂರಿನಲ್ಲಿ ಬಿ.ಎಸ್ಸಿ. ಓದುತ್ತಿದ್ದವನ ಬುದ್ಧಿ ಅಷ್ಟು ದೂರ ಓಡಿತ್ತು. ಅತ್ತೆಯ ನಾಲಗೆ ಒಣಗಿತೇ ಹೊರತು ಕೈ ಒಂದು ನೂಲೂ ಇಳಿಯಲಿಲ್ಲ.

ಅವರು ಅಪ್ಪನ ಅಕ್ಕ. ಗಾವಡಗೆರೆ ಕಡೆ ನಾಟಿಗೆ ಹೋಗುವ ಹೆಂಗಸರಿಗೆಲ್ಲ ಮುಂದಾಳು. ಮಾತಿಗೆ ಮೊದಲೇ ಎಡಗೈ ಏಳುತ್ತಿತ್ತು. ಬೆರಳು ತೋರಿದ ಕಡೆ ಪೈರಿನ ಕಟ್ಟು ಬೀಳುತ್ತಿತ್ತು. ಎದೆಯ ಗಡ್ಡೆಗೆ ಆಪರೇಷನ್ ಆದಾಗ ಕಂಕುಳಿನ ಗಂಟುಗಳನ್ನೂ ತೆಗೆದರು. ಆಮೇಲೆ ಆ ಕೈ ಬಾಳೆದಿಂಡಾಯಿತು. ಕೈ ತೂರದ ರವಿಕೆಯ ತೋಳಿನ ಹೊಲಿಗೆ ಬಿಚ್ಚಿ, ಟವೆಲ್ ಹೊದ್ದು ಮನೆ ಹಿಡಿದರು. ನಾನು ತೋಳಿಗೆ ದಿಂಬು ತುರುಕಿ ಅವರಂತೆ ನಡೆದರೆ ಮೊದಲು ನಗುತ್ತಿದ್ದವರು ಅವರೇ.

"ನಗೋದ್ ಅಂಗಿರ್ಲಿ, ಈ ಸಲ ನಾಟಿಗೆ ಓಗ್ತೀನೇನ್ಲಾ?" ಎಂದರು ಒಂದು ದಿನ. ಊರಿನವರ ದನಿಯೆಲ್ಲ ತೆಗೆಯುವ ನಾನು ದಿಂಬು ಕಿತ್ತೆಸೆದು, ಮರುದಿನವೇ ಅವರನ್ನು ಹುಣಸೂರಿನ ಬಸ್ಸು ಹತ್ತಿಸಿದೆ.

ಹುಣಸೂರಿನ ಫಿಸಿಯೋಥೆರಪಿ ಮೇಡಂ ನನ್ನ ವೈದ್ಯದ ಕತೆ ಕೇಳಿ ಹಣೆ ಚಚ್ಚಿಕೊಂಡರು. "ನೀರು ಕುಡೀರಮ್ಮಾ. ರಕ್ತನಾಳದಿಂದ ನೀರಿನ ಜೊತೆ ಪ್ರೋಟೀನೂ ಒಂಚೂರು ದಿನಾ ಹೊರಗೆ ಜಿನುಗುತ್ತೆ. ಅದು ದಪ್ಪ, ಬಂದ ದಾರೀಲಿ ವಾಪಸ್ ನುಗ್ಗಕ್ಕಾಗಲ್ಲ. ದುಗ್ಧರಸದ ನಾಳ, ಅಂದ್ರೆ ಲಿಂಫ್ ಹರಿಯೋ ಬೇರೆ ದಾರಿ ಹಿಡಿದು ಕುತ್ತಿಗೆ ಬುಡದಲ್ಲಿ ಮತ್ತೆ ರಕ್ತ ಸೇರಬೇಕು. ಗಂಟು ತೆಗೆದಿದ್ದರಿಂದ ನಿಮ್ಮ ಕಂಕುಳಲ್ಲಿ ಆ ದಾರಿ ಕೆಟ್ಟಿದೆ. ಪ್ರೋಟೀನು ಕೈಯಲ್ಲೇ ಕೂತು ನೀರನ್ನ ಹಿಡ್ಕೊಂಡಿದೆ."

"ಅಂಗಾರೆ ಗದ್ದೆ ಬಸಿಗಾಲ್ವೆ ಮುಚ್ಚೋಗದೆ ಅನ್ನಿ," ಎಂದರು ಅತ್ತೆ.

ಮೇಡಂ ಊತ ಇಳಿಯುವಂತೆ ಮೈ ನೀವುವುದನ್ನು ಕಲಿಸಿ ಕಳಿಸಿದರು. ಮನೆಗೆ ಬಂದವನೇ ನಾನು ಮುದ್ದೆ ತಿರುವುವ ಹುಮ್ಮಸ್ಸಿನಲ್ಲಿ ಮಣಿಕಟ್ಟಿನಿಂದ ಒತ್ತತೊಡಗಿದೆ. ಬೆನ್ನಿಗೆ ಏಟು ಬಿತ್ತು.

"ಇಲ್ಲಿಂದ ನೂಕುದ್ರೆ ಎಲ್ಗೋದದ್ಲಾ? ಕಾಲ್ವೆ ಬುಡ್ಸೋನು ಮೊದ್ಲು ನೀರು ಆಚೆ ಓಗೋ ಕೆಳಗ್ಲ ಬಾಯಿ ಬುಡುಸ್ತಾನೆ. ಮೇಡಮ್ಮು ಕುತ್ತಿಗೆಯಿಂದ ಸುರು ಮಾಡುದ್ದು ಸೋಕಿಗಾ?"

ಅಂದಿನಿಂದ ದಿನವೂ ಮೊದಲು ಕುತ್ತಿಗೆ, ಆಮೇಲೆ ಭುಜ, ಕೊನೆಗೆ ಕೈ. ಕರುವಿನ ಮೈ ಸವರಿದಷ್ಟು ಮೆತ್ತಗೆ. ಮೇಲೆ ಬಿಗಿಪಟ್ಟಿ. ಕೈ ಮೊದಲಿನಂತಾಗಲಿಲ್ಲ. ಆದರೆ ನಾಟಿಯ ಹೊತ್ತಿಗೆ ರವಿಕೆಯ ತೋಳಿಗೆ ಮತ್ತೆ ಹೊಲಿಗೆ ಬಿತ್ತು.

ಮೊನ್ನೆ ನೀವಲು ಹೋದಾಗ ಅವರ ಮನೆಗೆ ಬೀಗ. ಅತ್ತೆ ಗದ್ದೆ ಬದುವಿನ ಮೇಲಿದ್ದರು. ಗಾಯವಾಗಿ ನಂಜೇರಿದರೆ ಕೈ ಮತ್ತೆ ಊದುತ್ತದೆ, ಕೆಸರಿಗೆ ಇಳಿಯಬೇಡಿ ಎಂದಿದ್ದರಂತೆ ಮೇಡಂ. ಪಟ್ಟಿ ಸುತ್ತಿದ ಎಡಗೈ ಗಾಳಿಯಲ್ಲಿತ್ತು, ಪೈರಿನ ಕಟ್ಟು ಬೀಳುತ್ತಿತ್ತು. ಹೆಂಗಸರನ್ನು ನಗಿಸಲು ನಾನು ಟವೆಲ್ ಹೊದ್ದು, ಕೈ ಭಾರ ಮಾಡಿಕೊಂಡು ಹಳೆಯ ನಡಿಗೆ ನಡೆದೆ.

ಅತ್ತೆ ಒಮ್ಮೆ ಕಣ್ಣು ಹಾಯಿಸಿ, ಮತ್ತೆ ಪೈರಿನ ಕಡೆ ಬೆರಳು ತೋರಿದರು.

"ಅದು ಓದ್ವರ್ಸದ ಜಯಮ್ಮ ಕಣ್ಲಾ. ಈ ವರ್ಸದೋಳ್ನ ಕಲ್ತ್ಕೊಂಡು ಬಾ."