ಖಾಲಾ ದಾಟಿಸಿದ ಮೇಕೆಮರಿ

ಕಳೆದ ತಿಂಗಳು ಪಾರ್ಸೆಲ್‌ನಲ್ಲಿ ಬಂದ ಹಳೆಯ ವಿಡಿಯೋಗೇಮಿನ ಬ್ಯಾಟರಿ ಮುಚ್ಚಳ ತೆಗೆದೆ. ಹುಳಿಹುಳಿಯಾದ ತುಕ್ಕಿನ ವಾಸನೆ ಮೂಗಿಗೆ ಬಡಿಯಿತು. ಯಾರೋ ಆಡಿ ಬಿಟ್ಟ ಇಂಥ ಅಂಗೈಯಗಲದ ಪೆಟ್ಟಿಗೆಗಳನ್ನು ತರಿಸಿ, ಉಜ್ಜಿ, ಮತ್ತೆ ಆಡುವುದು ನನ್ನ ಹವ್ಯಾಸ. ಅಫಜಲಪುರದಲ್ಲಿ ಟೀಚರ್ ಆಗಿರುವ ನನಗೆ ಈ ವಯಸ್ಸಿನಲ್ಲಿ ಇದೇನು ಹುಚ್ಚು ಎಂದು ಜೊತೆಯವರು ನಗುತ್ತಾರೆ. ನಾನೂ ನಗುತ್ತೇನೆ. ಆವತ್ತು ಮಾತ್ರ ಆಗಲಿಲ್ಲ... ಆಳಂದದ ನಮ್ಮ ಪಕ್ಕದ ಮನೆಯವರು, ನಾನು ಚಿಕ್ಕಮ್ಮನ ಹಾಗೆ ಉರ್ದುವಿನಲ್ಲಿ ಖಾಲಾ ಎನ್ನುತ್ತಿದ್ದವರು, ನೆನಪಾದರು.

ಖಾಲಾ ಓಣಿಯ ಹೆಂಗಸರಿಗೆಲ್ಲ ಬ್ಲೌಸ್ ಹೊಲಿಯುತ್ತಿದ್ದರು. ಮಧ್ಯಾಹ್ನ ಅಡುಗೆ ಮುಗಿಸಿದ ಅವ್ವ ಅವರ ಮಷೀನಿನ ಪಕ್ಕ ಕೂತು ಬ್ಲೌಸುಗಳಿಗೆ ಹುಕ್ಕು ಹಚ್ಚಿಕೊಡುತ್ತಿದ್ದಳು. ಅದು ಕೆಲಸಕ್ಕಿಂತ ಮಾತಿನ ನೆಪ. ನಮ್ಮ ಮನೆಯಲ್ಲಿ ಹೇಳದ ಎಷ್ಟೋ ಸಂಗತಿಗಳನ್ನು ಅವ್ವ ಅಲ್ಲಿ ಹೇಳಿಕೊಂಡು ಹಗುರಾಗಿ ಬರುತ್ತಿದ್ದಳು.

ನಾನು ಏಳನೇ ತರಗತಿಯಲ್ಲಿದ್ದಾಗ, ಖಜೂರಿ ದಾಟಿ ಸೊಲ್ಲಾಪುರಕ್ಕೆ ಲಾರಿ ಓಡಿಸುತ್ತಿದ್ದ ಸೋದರಮಾವ ಹಳೇ ಸಾಮಾನಿನ ಸಂತೆಯಿಂದ ಒಂದು ಗೇಮು ತಂದುಕೊಟ್ಟ. ಟೋಪಿ ಹಾಕಿದ ಮೇಕೆಮರಿಯೊಂದು ಕಲ್ಲಿಂದ ಕಲ್ಲಿಗೆ ಹಾರುತ್ತ, ಮುಳ್ಳು, ಬಾವಿ ತಪ್ಪಿಸಿಕೊಂಡು ಗುಡ್ಡ ಹತ್ತಬೇಕು. ಅಂಥ ಹನ್ನೆರಡು ಗುಡ್ಡ. ಮೂರನೆಯದರಲ್ಲಿ ತೇಲುವ ಹಲಗೆಗಳ ಮೇಲೆ ಕಾಲಿಡುವಷ್ಟರಲ್ಲಿ ನನ್ನ ಮರಿ ಬಿದ್ದು ಸಾಯುತ್ತಿತ್ತು.

"ಕೊಡಿಲ್ಲಿ ಬೇ, ನೋಡಮ," ಎಂದರು ಖಾಲಾ ಒಂದು ದಿನ. ಕರೆಂಟು ಹೋಗಿ ಅವರ ಮಷೀನಿನ ಮೋಟಾರು ನಿಂತಿತ್ತು. ಗೇಮಿನ ಪರದೆಗೆ ಒಳಬೆಳಕಿರಲಿಲ್ಲ. ಬಿಸಿಲು ಬೀಳುವ ಹೊಸ್ತಿಲಲ್ಲಿ ಕೂತು ಐದಾರು ಸಲ ಮರಿಯನ್ನು ಸಾಯಿಸಿದರು. ಆಮೇಲೆ ದಾಟಿಸಿಬಿಟ್ಟರು!

"ಹಲಗಿ ನಿನ್ನ ಕಡಿ ಬರೂತನ ತಡಿ. ನೀ ಯಾಕ ಅದರ ಬೆನ್ನ ಹತ್ತತಿ?"

ಅಲ್ಲಿಂದ ಕರೆಂಟು ಹೋದಾಗಲೆಲ್ಲ ಗೋಡೆಯ ಮೇಲಿಂದ ಕೂಗು ಬರುತ್ತಿತ್ತು. "ಬಾ ಬೇ, ಮರೀ ಕರಕೊಂಡು ಬಾ!" ನಾನು ಬೀಳುವಲ್ಲಿ ಅವರು ಹಾರುತ್ತಿದ್ದರು. ಎರಡು ತಿಂಗಳಲ್ಲಿ ನಾವು ಹನ್ನೊಂದನೇ ಗುಡ್ಡ ಮುಟ್ಟಿದ್ದೆವು. ನಾವು ಎಂದರೇನು, ಅವರೇ.

ಒಮ್ಮೆ ಮಾವ ಬಂದಾಗ ಖಾಲಾ ಆಡುವುದನ್ನು ನೋಡಿ, "ಇದು ಇಕೀಗಲ್ಲ, ಈ ಅಕ್ಕಾರಿಗೇ ತರಬೇಕಾಗಿತ್ತು ನೋಡ್ರಿ," ಎಂದ. ಎಲ್ಲರೂ ನಕ್ಕರು. ಅವ್ವನೂ. ನನಗೆ ಕಿವಿ ಬಿಸಿಯಾಯಿತು. ಆ ಗೇಮು ನೆನಪಿಟ್ಟುಕೊಳ್ಳುತ್ತಿದ್ದದ್ದು ಒಂದೇ ಆಟವನ್ನು. ಹಿತ್ತಲಿಗೆ ಹೋಗಿ ಹೊಸ ಆಟದ ಗುಂಡಿ ಒತ್ತಿದೆ. ಖಾಲಾ ಹತ್ತಿದ ಗುಡ್ಡಗಳೆಲ್ಲ ಅಳಿಸಿಹೋದವು.

ಮರುದಿನ ಹೊಸ್ತಿಲಲ್ಲಿ ಕೂತ ಖಾಲಾ ಪರದೆಯನ್ನು ಬಿಸಿಲಿಗೆ ತಿರುಗಿಸಿ ತಿರುಗಿಸಿ ನೋಡಿದರು. "ಇದೇನಿದು, ಮತ್ತ ಮೊದಲನೇ ಗುಡ್ಡ?"

"ಬ್ಯಾಟರಿ ಹೋಗಿತ್ರಿ ಖಾಲಾ. ತಾನೇ ಅಳಿಸಿ ಹೋಗ್ಯದ."

ಅವರು ನನ್ನ ಬೆನ್ನು ಸವರಿದರು. "ಹೋಗ್ಲಿ ಬಿಡು, ಅಳಬ್ಯಾಡ. ನಾಳಿಂದ ಮತ್ತ ಹತ್ತಮ."

ಬೈದಿದ್ದರೆ ಮರುದಿನವೂ ಹೋಗುತ್ತಿದ್ದೆನೇನೋ... ಹೋಗಲಿಲ್ಲ. ಗೋಡೆಯಾಚೆ ಕೂಗಿದಾಗ ಹೋಂವರ್ಕ್ ಅಂದೆ, ತಲೆನೋವು ಅಂದೆ. ಕೆಲವು ದಿನಗಳಾದ ಮೇಲೆ ಕೂಗು ನಿಂತಿತು. ಅವ್ವನ ಜೊತೆಗಿನ ಮಾತೂ ಕಡಿಮೆಯಾಯಿತು. ಹುಕ್ಕು ಖಾಲಾ ತಾವೇ ಹಚ್ಚಿಕೊಳ್ಳತೊಡಗಿದರು. "ನಾ ಏನರೆ ಅಂದೆನೇನೋ," ಎಂದು ಅವ್ವ ಒಬ್ಬಳೇ ಯೋಚಿಸುತ್ತ ಕೂರುತ್ತಿದ್ದಳು. ನಾನು ಬಾಯಿ ಬಿಡಲಿಲ್ಲ. ಮುಂದಿನ ವರ್ಷ ಖಾಲಾ ಜೇವರ್ಗಿಯ ಮಗಳ ಮನೆಗೆ ಹೋಗಿಬಿಟ್ಟರು.

ಹೋದ ಭಾನುವಾರ ವಿಳಾಸ ಹುಡುಕಿಕೊಂಡು ಜೇವರ್ಗಿಗೆ ಹೋದೆ. ಕಣ್ಣು ಮಂಜಾಗಿದ್ದರೂ ಖಾಲಾ ದನಿಯಲ್ಲೇ ಗುರುತು ಹಿಡಿದರು. ನೀರು ಕುಡಿಯುವ ಮೊದಲೇ ಎಲ್ಲ ಹೇಳಿಬಿಟ್ಟೆ. ಅಳಿಸಿದ್ದು ನಾನೇ, ನಾಚಿಕೆಗೆ ಬರದೇ ಹೋದೆ ಎಂದು.

ಅವರು ನನ್ನ ಕೈ ಹಿಡಿದುಕೊಂಡರು.

"ನಾ ಏನ ತಿಳಕೊಂಡಿದ್ದೆ ಗೊತ್ತದೇನು? ಸಾಬರ ಮನೀಗಿ ಹೋಗಬ್ಯಾಡ ಅಂತ ನಿಮ್ಮವ್ವ ಹೇಳ್ಯಾಳ ಅಂತ. ಮುಂದ ನಗತಾಳ, ಹಿಂದ ಮಗಳಿಗೆ ಹಿಂಗ ಕಲಸ್ತಾಳ ಅಂತ ಸಿಟ್ಟ ಹಿಡದು ಕುಂತೆ. ತೋಬಾ... ಕರಕೊಂಡು ಬಾ ಬೇ ಆಕೀನ್ನ. ನಾ ಮಾತಾಡ್ತೇನಿ."

ಅವ್ವ ತೀರಿಕೊಂಡು ನಾಲ್ಕು ವರ್ಷವಾಗಿದೆ ಎಂದು ನಾನು ಇನ್ನೂ ಹೇಳಿರಲಿಲ್ಲ.

ಹೇಳಿದೆ. ಖಾಲಾ ಓಢಣಿಯನ್ನು ಬಾಯಿಗೆ ಒತ್ತಿಕೊಂಡರು. ಆಮೇಲೆ ಕೇಳಿದರು, "ಮಣ್ಣ ಎಲ್ಲಿ ಮಾಡೀರಿ?"

"ಆಳಂದದಾಗ, ನಮ್ಮ ಹೊಲದಾಗ್ರಿ."

"ಅಲ್ಲಿಗಿ ಕರಕೊಂಡು ಹೋಗು ನನ್ನ."

ನಾಳೆ ಭಾನುವಾರ. ಜೇವರ್ಗಿಯಿಂದ ಖಾಲಾರನ್ನು ಕರೆದುಕೊಂಡು ಆಳಂದಕ್ಕೆ ಹೋಗುತ್ತಿದ್ದೇನೆ. ಅವರು ಮಾತಾಡುತ್ತಾರೆ. ಅವ್ವ ಕೇಳಿಸಿಕೊಳ್ಳಲಾರಳು.